ಗೋಡೆಯಿಲ್ಲದ ಚಿತ್ರಮಂದಿರ

ಚಲನಚಿತ್ರವನ್ನು ನೋಡಲು ಚಿತ್ರಮಂದಿರಕ್ಕೆ ಹೋದವರು ಪರದೆಯನ್ನು ನೋಡುತ್ತಾರೆಯೇ ಹೊರತು ಗೋಡೆಗಳನ್ನು ಗಮನಿಸುವುದಿಲ್ಲ. ಆದರೆ ಆ ಗೋಡೆಗಳು ಸುಮ್ಮನೆ ನಿಂತಿರುವುದಿಲ್ಲ. ಅವು ಹೊರಗಿನ ಬೆಳಕನ್ನು ತಡೆದು ಒಳಗೆ ಕತ್ತಲೆಯನ್ನು ಉಂಟುಮಾಡುತ್ತವೆ. ಧ್ವನಿಯು ಗಾಳಿಯಲ್ಲಿ ಚದುರಿಹೋಗದಂತೆ ಅದನ್ನು ಕೂಡಿಹಾಕುತ್ತವೆ. ಅವುಗಳ ನಡುವಿನ ಇಳಿಜಾರು ನೆಲವು ಹಿಂದೆ ಕುಳಿತವನ ದೃಷ್ಟಿಗೆ ಮುಂದೆ ಕುಳಿತವನ ತಲೆ ಅಡ್ಡಬಾರದಂತೆ ನೋಡಿಕೊಳ್ಳುತ್ತದೆ. ಕೊನೆಯದಾಗಿ, ಗೋಡೆಯಲ್ಲಿ ಒಂದು ಬಾಗಿಲಿರುತ್ತದೆ. ಒಳಗೆ ಬರತಕ್ಕವರು ಯಾರು, ಹೊರಗೆ ಉಳಿಯತಕ್ಕವರು ಯಾರು ಎಂಬುದನ್ನು ಆ ಬಾಗಿಲು ನಿರ್ಧರಿಸುತ್ತದೆ.

ಈ ಗೋಡೆಗಳನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಕತ್ತಲೆ, ನೋಟ, ಧ್ವನಿ, ಪ್ರವೇಶ ಎಂಬ ನಾಲ್ಕು ಪ್ರಶ್ನೆಗಳು ಒಮ್ಮೆಗೇ ನಮ್ಮ ಮುಂದೆ ನಿಲ್ಲುತ್ತವೆ. ಬಯಲಿನಲ್ಲಿ ಚಿತ್ರ ತೋರಿಸಿದವರೆಲ್ಲರೂ ಈ ನಾಲ್ಕಕ್ಕೂ ತಮ್ಮದೇ ಆದ ಉತ್ತರವನ್ನು ಕಂಡುಕೊಳ್ಳಬೇಕಾಯಿತು. ಅಂತಹ ಉತ್ತರಗಳಲ್ಲಿ ಬಹಳ ಹೆಸರು ಪಡೆದದ್ದು ‘ಡ್ರೈವ್-ಇನ್’ ಚಿತ್ರಮಂದಿರ. ಪ್ರೇಕ್ಷಕರು ತಮ್ಮ ಕಾರನ್ನು ನೇರವಾಗಿ ಬಯಲಿನೊಳಕ್ಕೆ ನಡೆಸಿಕೊಂಡು ಬಂದು, ಕಾರಿನಲ್ಲಿಯೇ ಕುಳಿತು, ದೂರದಲ್ಲಿರುವ ದೊಡ್ಡ ಪರದೆಯ ಮೇಲೆ ಚಿತ್ರವನ್ನು ನೋಡುವ ವ್ಯವಸ್ಥೆಯೇ ಇದು.

ಈ ವ್ಯವಸ್ಥೆಯನ್ನು ರೂಪಿಸಿದವನು ಅಮೆರಿಕದ ನ್ಯೂಜೆರ್ಸಿ ರಾಜ್ಯದ ರಿಚರ್ಡ್ ಹಾಲಿಂಗ್ಸ್‌ಹೆಡ್. ಅವನು ತನ್ನ ಮನೆಯ ಮುಂದೆಯೇ ಪ್ರಯೋಗ ನಡೆಸಿದನು. ಕಾರಿನ ಮೂತಿಯ ಮೇಲೆ ಒಂದು ಸಣ್ಣ ಪ್ರೊಜೆಕ್ಟರನ್ನು ಇಟ್ಟನು. ಎದುರಿಗಿದ್ದ ಮರಗಳಿಗೆ ಬಿಳಿಯ ಪರದೆಯನ್ನು ಕಟ್ಟಿದನು. ಪರದೆಯ ಹಿಂದೆ ರೇಡಿಯೋ ಒಂದನ್ನು ಇಟ್ಟು ಧ್ವನಿಯನ್ನು ಪರೀಕ್ಷಿಸಿದನು. ಮಳೆ ಬಂದರೆ ಹೇಗೆಂದು ತಿಳಿಯಲು, ಹುಲ್ಲಿಗೆ ನೀರು ಚಿಮುಕಿಸುವ ಸಾಧನದಿಂದ ಕಾರಿನ ಮೇಲೆ ನೀರನ್ನು ಸುರಿಸಿ ನೋಡಿದನು. ಒಂದು ಕಾರಿನ ಹಿಂದೆ ಇನ್ನೊಂದು ಕಾರು ನಿಂತರೆ ಹಿಂದಿನವರಿಗೆ ಪರದೆ ಕಾಣಿಸುವಂತೆ ಮಾಡುವುದು ಹೇಗೆಂಬುದೇ ಅವನ ಮುಖ್ಯ ಚಿಂತೆಯಾಗಿತ್ತು. ಅದಕ್ಕೆ ಅವನು ಕಂಡುಕೊಂಡ ಪರಿಹಾರಕ್ಕೆ 1933ರ ಮೇ ತಿಂಗಳಲ್ಲಿ ಪೇಟೆಂಟು ದೊರೆಯಿತು. ಅದೇ ವರ್ಷ ಜೂನ್ 6ರಂದು ಕ್ಯಾಮ್ಡೆನ್ ಪಟ್ಟಣದ ಬಳಿ ಅವನ ಚಿತ್ರಮಂದಿರವು ತೆರೆಯಿತು. ಕಾರಿಗೆ 25 ಸೆಂಟು, ಒಳಗಿದ್ದ ಪ್ರತಿಯೊಬ್ಬರಿಗೂ 25 ಸೆಂಟು ಅಂದಿನ ಪ್ರವೇಶಶುಲ್ಕ.

ಹಾಲಿಂಗ್ಸ್‌ಹೆಡ್ಡನಿಗೆ ಎದುರಾದ ಪ್ರಶ್ನೆಗಳು ಅವನ ಊರಿಗೆ ಮಾತ್ರ ಸೇರಿದವುಗಳಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಐನಾಪುರದ ಹೊರಗೆ ಒಂದು ಹೊಲದಲ್ಲಿ ಇಂತಹ ಚಿತ್ರಮಂದಿರವನ್ನು ಕಟ್ಟಬೇಕೆಂದು ಊಹಿಸಿಕೊಳ್ಳೋಣ. ಅಲ್ಲಿಯೂ ಅವೇ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ.

ಮೊದಲನೆಯದು ಕತ್ತಲೆ. ಪರದೆಯು ತಾನಾಗಿ ಬೆಳಗುವ ವಸ್ತುವಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುವ ವಸ್ತು. ಪ್ರೊಜೆಕ್ಟರಿನ ಬೆಳಕಿನೊಡನೆ ಆಕಾಶದ ಬೆಳಕೂ ಅದರ ಮೇಲೆ ಬಿದ್ದರೆ ಚಿತ್ರವು ತೆಳುವಾಗಿ ಮಾಸಿಹೋಗುತ್ತದೆ. ಆದುದರಿಂದ ಬಯಲು ಚಿತ್ರಮಂದಿರದ ಗಡಿಯಾರವು ಸೂರ್ಯನೇ. ಐನಾಪುರದಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ ಆರು ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ಜೂನ್ ತಿಂಗಳ ಕೊನೆಯಲ್ಲಿಯೂ ಏಳರ ಸುಮಾರಿಗೆ ಮುಳುಗುತ್ತದೆ. ನಮ್ಮ ಸೀಮೆಯಲ್ಲಿ ಮುಸ್ಸಂಜೆಯು ಬಹಳ ಹೊತ್ತು ನಿಲ್ಲುವುದಿಲ್ಲ. ಅಮೆರಿಕದ ಉತ್ತರದ ಕೆಲವು ರಾಜ್ಯಗಳಲ್ಲಾದರೋ ಬೇಸಗೆಯಲ್ಲಿ ಗಡಿಯಾರವು ರಾತ್ರಿ ಒಂಬತ್ತನ್ನು ತೋರಿಸುವಾಗ ಸೂರ್ಯಾಸ್ತವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಈ ಎರಡು ಗಂಟೆಗಳ ವ್ಯತ್ಯಾಸವು ಸಣ್ಣದಲ್ಲ. ಪರದೆಯ ಮುಖವನ್ನು ಪಶ್ಚಿಮದ ಕಡೆಗೆ ತಿರುಗಿಸಬಾರದೆಂಬುದೂ ಇದರಿಂದಲೇ ತಿಳಿಯುತ್ತದೆ. ಹೊತ್ತು ಮುಳುಗಿದ ಮೇಲೆಯೂ ಪಡುವಣದ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ. ಪರದೆಯು ಅದಕ್ಕೆ ಬೆನ್ನು ಮಾಡಿ ನಿಂತರೆ ಪ್ರದರ್ಶನವನ್ನು ಬೇಗ ಆರಂಭಿಸಬಹುದು.

ಕತ್ತಲೆ ದೊರೆತರೂ ಬೆಳಕಿನ ಲೆಕ್ಕ ಮುಗಿಯುವುದಿಲ್ಲ. ಸಾಮಾನ್ಯ ಚಿತ್ರಮಂದಿರವೊಂದರ ಪರದೆ 10 ಮೀಟರು ಅಗಲ, 5 ಮೀಟರು ಎತ್ತರ ಇದೆ ಎಂದಿಟ್ಟುಕೊಳ್ಳಿ. ಅದರ ವಿಸ್ತಾರ 50 ಚದರ ಮೀಟರು. ಬಯಲಿನಲ್ಲಿ ದೂರದ ಕಾರುಗಳಿಗೂ ಕಾಣಬೇಕೆಂದು ಅಗಲವನ್ನೂ ಎತ್ತರವನ್ನೂ ಮೂರು ಪಟ್ಟು ಮಾಡಿದರೆ ವಿಸ್ತಾರವು 450 ಚದರ ಮೀಟರು, ಎಂದರೆ ಒಂಬತ್ತು ಪಟ್ಟು, ಆಗುತ್ತದೆ. ದೀಪ ಅದೇ ಆಗಿದ್ದರೆ ಪ್ರತಿಯೊಂದು ಚದರ ಮೀಟರಿನ ಪಾಲಿಗೆ ಬರುವ ಬೆಳಕು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಆದುದರಿಂದ ಡ್ರೈವ್-ಇನ್ ಮಂದಿರಗಳಿಗೆ ಬಹು ಪ್ರಖರವಾದ ದೀಪಗಳು ಬೇಕಾದವು. ಮೊದಲು ಇಂಗಾಲದ ಎರಡು ಕಡ್ಡಿಗಳ ನಡುವೆ ವಿದ್ಯುತ್ತಿನ ಜ್ವಾಲೆಯನ್ನು ಹೊತ್ತಿಸುವ ಆರ್ಕ್ ದೀಪಗಳಿದ್ದವು. ಆಮೇಲೆ ಕ್ಸೆನಾನ್ ಅನಿಲದ ದೀಪಗಳು ಬಂದವು. ಈಗ ಫಿಲ್ಮಿನ ಸುರುಳಿಯ ಸ್ಥಾನದಲ್ಲಿ ಡಿಜಿಟಲ್ ಪ್ರೊಜೆಕ್ಟರುಗಳು ಬಂದಿವೆ. ಆದರೆ ಒಂಬತ್ತು ಪಟ್ಟಿನ ಲೆಕ್ಕವು ಬದಲಾಗಿಲ್ಲ.

ಎರಡನೆಯದು ನೋಟ. ಕಾರಿನ ಮೇಲ್ಚಾವಣಿಯು ನೆಲದಿಂದ ಸುಮಾರು ಒಂದೂವರೆ ಮೀಟರು ಎತ್ತರದಲ್ಲಿರುತ್ತದೆ. ಕಾರಿನೊಳಗೆ ಕುಳಿತವನ ಕಣ್ಣು ಅದಕ್ಕಿಂತ ಒಂದು ಅಡಿಯಷ್ಟು ಕೆಳಗಿರುತ್ತದೆ. ಆದುದರಿಂದ ಸಮನಾದ ನೆಲದಲ್ಲಿ ಹಿಂದಿನವನಿಗೆ ಮುಂದಿನ ಕಾರಿನ ಬೆನ್ನೇ ಕಾಣುತ್ತದೆ. ಹಾಲಿಂಗ್ಸ್‌ಹೆಡ್ ಕಂಡುಕೊಂಡ ಉಪಾಯವು ಸರಳವಾದುದು. ಪ್ರತಿಯೊಂದು ಸಾಲಿಗೂ ಹೊಲದ ಬದುವಿನಂತೆ ಒಂದು ಮಣ್ಣಿನ ದಿಬ್ಬವನ್ನು ಹಾಕಿಸಿದನು. ಕಾರಿನ ಮುಂದಿನ ಗಾಲಿಗಳು ಆ ದಿಬ್ಬವನ್ನು ಏರಿ ನಿಲ್ಲುತ್ತವೆ. ಹಿಂದಿನ ಗಾಲಿಗಳು ಕೆಳಗೇ ಉಳಿಯುತ್ತವೆ. ಕಾರು ಮೂತಿಯನ್ನು ಮೇಲಕ್ಕೆತ್ತಿದಂತಾಗಿ, ಒಳಗಿರುವವರ ದೃಷ್ಟಿಯು ಮುಂದಿನ ಕಾರುಗಳ ಮೇಲಿಂದ ಹಾದು ಪರದೆಯನ್ನು ಮುಟ್ಟುತ್ತದೆ. ಪರದೆಯ ಕೆಳಅಂಚನ್ನೂ ನೆಲದಿಂದ ಸಾಕಷ್ಟು ಮೇಲಕ್ಕೆ ಇಡಲಾಗುತ್ತದೆ. ಪರದೆಗೆ ಹತ್ತಿರವಿರುವ ಸಾಲಿನವರು ಹೆಚ್ಚು ಮೇಲಕ್ಕೆ ನೋಡಬೇಕಾದುದರಿಂದ ಅವರ ದಿಬ್ಬವು ಹೆಚ್ಚು ಓರೆಯಾಗಿರುತ್ತದೆ. ಹಿಂದಿನ ಸಾಲುಗಳ ಓರೆಯು ಕಡಿಮೆ. ಸಾಲುಗಳು ನೇರವಾಗಿರದೆ ಬಿಲ್ಲಿನಂತೆ ಬಾಗಿರುತ್ತವೆ. ಇದರಿಂದ ಪ್ರತಿಯೊಂದು ಕಾರೂ ಪರದೆಯ ಮಧ್ಯಭಾಗಕ್ಕೆ ಮುಖ ಮಾಡಿ ನಿಲ್ಲುವಂತಾಗುತ್ತದೆ.

ಇಂತಹ ದಿಬ್ಬಗಳನ್ನು ನಮ್ಮ ಭಾಗದಲ್ಲಿ ಹಾಕುವಾಗ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಸೇಡಂ, ಚಿತ್ತಾಪುರಗಳ ಕಡೆಯ ಎರೆಭೂಮಿಯು ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿ ಗಾಲಿಗಳನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಗರಸು ಹಾಸಿ ಗಟ್ಟಿಮಾಡಿ, ನೀರು ಹರಿದುಹೋಗಲು ಕಾಲುವೆ ತೆಗೆಯದಿದ್ದರೆ ಒಂದೇ ಮಳೆಗಾಲದಲ್ಲಿ ದಿಬ್ಬಗಳು ಹಾಳಾಗುತ್ತವೆ. ಕಲ್ಲಿಗೇನೋ ಬರವಿಲ್ಲ, ಶಹಾಬಾದಿನ ಫರಸಿ ಕಲ್ಲು ದೇಶದ ನಾನಾ ಕಡೆಯ ಮನೆಗಳ ನೆಲವಾಗಿದೆ. ಗಾಳಿಯ ವಿಚಾರವನ್ನೂ ಮರೆಯುವಂತಿಲ್ಲ. ಎತ್ತರವಾದ ಪರದೆಯು ಬಯಲಿನಲ್ಲಿ ಹಡಗಿನ ಪಟದಂತೆ ಗಾಳಿಯನ್ನು ಹಿಡಿಯುತ್ತದೆ. ಆದುದರಿಂದ ಅದನ್ನು ಬಟ್ಟೆಯಿಂದ ಮಾಡದೆ, ಉಕ್ಕಿನ ಚೌಕಟ್ಟಿನ ಮೇಲೋ ಕಾಂಕ್ರೀಟಿನಲ್ಲೋ ಗೋಪುರದಂತೆ ಕಟ್ಟಿ ಬಿಳಿಯ ಬಣ್ಣವನ್ನು ಬಳಿಯುತ್ತಾರೆ.

ಮೂರನೆಯದು ಧ್ವನಿ. ಇದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯಾಗಿತ್ತು. ಹಾಲಿಂಗ್ಸ್‌ಹೆಡ್ ತನ್ನ ಪರದೆಯ ಬಳಿಯಲ್ಲಿ ದೊಡ್ಡ ಧ್ವನಿವರ್ಧಕಗಳನ್ನು ಇರಿಸಿದನು. ಮುಂದಿನವರಿಗೆ ಕಿವಿಗಡಚಿಕ್ಕುವಂತೆಯೂ ಹಿಂದಿನವರಿಗೆ ಕೇಳಿಯೂ ಕೇಳದಂತೆಯೂ ಆಯಿತು. ಸುತ್ತಮುತ್ತಲಿನ ಮನೆಯವರ ನಿದ್ರೆಯೂ ಕೆಟ್ಟಿತು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಶಬ್ದವು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರು ದೂರ ಚಲಿಸುತ್ತದೆ. ಪರದೆಯಿಂದ 100 ಮೀಟರು ದೂರದಲ್ಲಿರುವ ಕಾರನ್ನು ತಲಪಲು ಅದಕ್ಕೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿನಷ್ಟು ಕಾಲ ಬೇಕು. ಬೆಳಕಾದರೋ ಕಣ್ಣು ಮಿಟುಕಿಸುವುದಕ್ಕೆ ಮೊದಲೇ ಬಂದಿರುತ್ತದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಬಿಂಬಗಳು ಹಾದುಹೋಗುವುದರಿಂದ, ಧ್ವನಿಯು ತಲಪುವ ಹೊತ್ತಿಗೆ ಏಳು ಬಿಂಬಗಳು ಆಗಲೇ ಮುಂದೆ ಹೋಗಿರುತ್ತವೆ. ನಟನ ತುಟಿ ಮುಚ್ಚಿದ ಮೇಲೆ ಅವನ ಮಾತು ಕೇಳಿಸುತ್ತದೆ!

ಈ ತೊಡಕಿನ ಪರಿಹಾರವೆಂದರೆ ಧ್ವನಿಯನ್ನು ಗಾಳಿಯ ಮೂಲಕ ಕಳುಹಿಸದೆ ತಂತಿಯ ಮೂಲಕ ಕಳುಹಿಸುವುದು. 1940ರ ದಶಕದಲ್ಲಿ ಕಾರಿಗೊಂದರಂತೆ ಸಣ್ಣ ಧ್ವನಿವರ್ಧಕಗಳು ಬಂದವು. ಎರಡು ಕಾರುಗಳ ನಡುವೆ ನೆಟ್ಟ ಕಂಬದಿಂದ ಪ್ರೇಕ್ಷಕನು ಅದನ್ನು ತೆಗೆದು ತನ್ನ ಕಾರಿನ ಕಿಟಕಿಯ ಗಾಜಿಗೆ ತೂಗುಹಾಕಿಕೊಳ್ಳುತ್ತಿದ್ದನು. ವಿದ್ಯುತ್ತಿನ ವೇಗದ ಮುಂದೆ 100 ಮೀಟರು ದೂರವೆಂಬುದು ಲೆಕ್ಕಕ್ಕೇ ಇಲ್ಲ. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಮಾತು ಒಂದೇ ಕ್ಷಣದಲ್ಲಿ ಕೇಳಿಸತೊಡಗಿತು. ಚಿತ್ರ ಮುಗಿದ ಮೇಲೆ ಅದನ್ನು ಕಂಬಕ್ಕೆ ಹಿಂದಿರುಗಿಸಲು ಮರೆತು, ತಂತಿಯನ್ನು ಕಿತ್ತುಕೊಂಡು ಹೋಗುವವರೂ ಇದ್ದರು. 1970ರ ದಶಕದಿಂದೀಚೆಗೆ ತಂತಿಯೂ ಬೇಡವಾಯಿತು. ಮಂದಿರದಲ್ಲಿರುವ ಕಡಿಮೆ ಶಕ್ತಿಯ ಪ್ರಸಾರಯಂತ್ರವು ಚಿತ್ರದ ಧ್ವನಿಯನ್ನು ರೇಡಿಯೋ ತರಂಗಗಳಾಗಿ ಬಿತ್ತರಿಸುತ್ತದೆ. ಪ್ರೇಕ್ಷಕನು ತನ್ನ ಕಾರಿನ ರೇಡಿಯೋವನ್ನು ಆ ತರಂಗಕ್ಕೆ ಹೊಂದಿಸಿಕೊಳ್ಳುತ್ತಾನೆ. ಎಫ್.ಎಂ. ಪ್ರಸಾರದ ಈ ಕ್ರಮದಲ್ಲಿ ಕಾರಿನೊಳಗೆ ಸಂಗೀತ ತುಂಬಿರುವಾಗಲೂ ಹೊರಗಿನ ಬಯಲು ನಿಶ್ಶಬ್ದವಾಗಿರುತ್ತದೆ.

ಹೀಗೆ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತುದರಿಂದ ಡ್ರೈವ್-ಇನ್ ಮಂದಿರಗಳು ಅಮೆರಿಕದಲ್ಲೆಲ್ಲ ಹಬ್ಬಿದವು. 1958ರ ಹೊತ್ತಿಗೆ ಅಲ್ಲಿ ಅವುಗಳ ಸಂಖ್ಯೆಯು 4000ವನ್ನು ಮೀರಿತ್ತು. ಆದರೆ ಅನಂತರ ಅವು ವೇಗವಾಗಿ ಇಳಿಮುಖವಾದವು. ಮನೆಮನೆಗೂ ದೂರದರ್ಶನ ಬಂದುದು ಒಂದು ಕಾರಣ. ನೆಲದ ಬೆಲೆ ಏರಿದುದು ಇನ್ನೊಂದು ಕಾರಣ. ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕಾರು ನಿಲ್ಲಲು 3 ಮೀಟರು ಅಗಲವೂ, ಓಡಾಡುವ ದಾರಿಯೂ ಸೇರಿ 12 ಮೀಟರು ಉದ್ದವೂ ಬೇಕೆಂದುಕೊಳ್ಳೋಣ. ಆಗ 500 ಕಾರುಗಳಿಗೆ 18,000 ಚದರ ಮೀಟರು, ಎಂದರೆ ಸುಮಾರು ನಾಲ್ಕೂವರೆ ಎಕರೆ ನೆಲ ಬೇಕು. ಕಾರಿಗೆ ನಾಲ್ವರಂತೆ ಅಲ್ಲಿ ನೋಡುವವರು 2000 ಜನ. ಅಷ್ಟೇ ಜನರನ್ನು ಆಳಿಗೆ ಒಂದು ಚದರ ಮೀಟರಿನಂತೆ ಕೂರಿಸಿದರೆ ಅರ್ಧ ಎಕರೆ ಸಾಕು. ಪಟ್ಟಣಗಳು ಬೆಳೆದು ಬಯಲನ್ನು ಸುತ್ತುವರಿದಾಗ, ರಾತ್ರಿ ಕೆಲವು ಗಂಟೆ ಮಾತ್ರ ಬಳಕೆಯಾಗುವ ಅಷ್ಟು ನೆಲವನ್ನು ಉಳಿಸಿಕೊಳ್ಳುವುದು ಮಾಲೀಕರಿಗೆ ಕಷ್ಟವಾಯಿತು. ಈಗ ಅಮೆರಿಕದಲ್ಲಿ ಉಳಿದಿರುವವು ಕೆಲವು ನೂರು ಮಾತ್ರ. 2020ರಲ್ಲಿ ಕೊರೋನಾ ಸಾಂಕ್ರಾಮಿಕದಿಂದ ಚಿತ್ರಮಂದಿರಗಳು ಮುಚ್ಚಿದಾಗ, ಜನರು ದೂರದೂರವಿದ್ದು ಕೂಡಿ ನೋಡಬಹುದಾದ ಸ್ಥಳವೆಂದು ಇವು ಹಲವು ದೇಶಗಳಲ್ಲಿ ಮತ್ತೆ ನೆನಪಿಗೆ ಬಂದವು.

ಇನ್ನು ನಾಲ್ಕನೆಯ ಪ್ರಶ್ನೆ ಉಳಿಯಿತು: ಪ್ರವೇಶ ಯಾರಿಗೆ? ಡ್ರೈವ್-ಇನ್ ಮಂದಿರವು ಗೋಡೆಯನ್ನು ತೆಗೆದುಹಾಕಿತೆಂಬುದು ನಿಜ. ಆದರೆ ಕಾರು ಎಂಬ ಹೊಸ ಬಾಗಿಲನ್ನು ಅದು ಇರಿಸಿತು. ಅಲ್ಲದೆ ಪ್ರತಿಯೊಂದು ಕುಟುಂಬವೂ ತನ್ನ ತಗಡಿನ ಗೋಡೆಗಳೊಳಗೆ ಬೇರೆಯಾಗಿ ಕುಳಿತಿತು. ಭಾರತದಲ್ಲಿ ಕಾರುಗಳಿದ್ದ ಮನೆಗಳು ತೀರ ಕಡಮೆಯಾಗಿದ್ದ ಕಾಲದಲ್ಲಿ, ಎಂದರೆ 1973ರಲ್ಲಿ, ಅಹಮದಾಬಾದಿನಲ್ಲಿ ಒಂದು ದೊಡ್ಡ ಡ್ರೈವ್-ಇನ್ ಚಿತ್ರಮಂದಿರವು ಆರಂಭವಾಯಿತು. ಅಲ್ಲಿ ಕಾರುಗಳಿಗೆ ಜಾಗವಿದ್ದಂತೆಯೇ ಕಾರಿಲ್ಲದೆ ಬಂದವರು ಬಯಲಿನಲ್ಲಿ ಕುಳಿತು ನೋಡಲೂ ಏರ್ಪಾಡಿತ್ತು. ಅಮೆರಿಕದಿಂದ ಬಂದ ವ್ಯವಸ್ಥೆಯು ನಮ್ಮ ನೆಲದಲ್ಲಿ ಹೀಗೆ ತಿದ್ದುಪಡಿಯನ್ನು ಪಡೆಯಿತು.

ವಾಸ್ತವವಾಗಿ, ಬಯಲಿನಲ್ಲಿ ಚಿತ್ರ ನೋಡುವುದು ನಮಗೆ ಹಾಲಿಂಗ್ಸ್‌ಹೆಡ್ಡನಿಗಿಂತ ಮೊದಲೇ ತಿಳಿದಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಅಬ್ದುಲ್ಲಾಲಿ ಇಸೂಫಾಲಿ ಎಂಬ ಉದ್ಯಮಿಯು ಡೇರೆಯನ್ನು ಹೊತ್ತುಕೊಂಡು ಬರ್ಮಾ, ಸಿಂಗಪುರ ಮೊದಲಾದ ಕಡೆಗಳಲ್ಲಿಯೂ, 1908ರ ಬಳಿಕ ಭಾರತದಲ್ಲಿಯೂ ಊರೂರು ಸುತ್ತಿ ಚಿತ್ರಗಳನ್ನು ತೋರಿಸಿದನು. 1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಬಂದಿತು. 1934ರಲ್ಲಿ ‘ಸತಿ ಸುಲೋಚನಾ’ದೊಡನೆ ಕನ್ನಡವೂ ಪರದೆಯ ಮೇಲೆ ಮಾತನಾಡಿತು. ಆ ಬಳಿಕ ಇಂತಹ ಡೇರೆಗಳಿಗೆ ‘ಟೂರಿಂಗ್ ಟಾಕೀಸು’ ಎಂಬ ಹೆಸರು ಬಿದ್ದಿತು. ವಿದ್ಯುತ್ತಿಲ್ಲದ ಊರುಗಳಲ್ಲಿ ಎಣ್ಣೆಯ ಇಂಜಿನ್ನಿನಿಂದ ಪ್ರೊಜೆಕ್ಟರನ್ನು ನಡೆಸುತ್ತಿದ್ದರು. ಪ್ರೊಜೆಕ್ಟರು ಒಂದೇ ಇದ್ದುದರಿಂದ ಸುರುಳಿಯನ್ನು ಬದಲಾಯಿಸಿದಾಗಲೆಲ್ಲ ವಿರಾಮ. ಕತ್ತಲಾದ ಮೇಲೆ ಮೊದಲನೆಯ ಆಟ, ಅದು ಮುಗಿದ ಮೇಲೆ ಎರಡನೆಯ ಆಟ. ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿಗಳಿದ್ದು, ನೆಲದ ಟಿಕೀಟು ಎಲ್ಲಕ್ಕಿಂತ ಅಗ್ಗವಾಗಿತ್ತು. ಸುತ್ತಣ ಹಳ್ಳಿಗಳವರು ನಡೆದೋ ಬಂಡಿ ಕಟ್ಟಿಕೊಂಡೋ ಬರುತ್ತಿದ್ದರು. ಅವರ ಎತ್ತುಗಳು ಡೇರೆಯ ಹೊರಗೆ ಮೇವು ತಿನ್ನುತ್ತಿದ್ದವು. ಅವರು ಮಾತ್ರ ಒಳಗೆ ಮರಳಿನ ಮೇಲೆ ಒತ್ತಾಗಿ ಕುಳಿತು ಒಟ್ಟಿಗೇ ನಗುತ್ತಿದ್ದರು, ಒಟ್ಟಿಗೇ ಕಣ್ಣೀರಿಡುತ್ತಿದ್ದರು.

ಟೂರಿಂಗ್ ಟಾಕೀಸಿಗೆ ಟಿಕೀಟಾದರೂ ಬೇಕಿತ್ತು. ಟಿಕೀಟೂ ಇಲ್ಲದ, ಗೋಡೆಯೂ ಇಲ್ಲದ ಒಂದು ಪ್ರದರ್ಶನವು ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತವು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ದೂರದರ್ಶನ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಅದಕ್ಕೆ ಆರಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ಗುಲ್ಬರ್ಗವೇ ಇಂದಿನ ಕಲಬುರಗಿ. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರು ಅಗಲದ ಬುಟ್ಟಿಯಾಕಾರದ ಆಂಟೆನಾಗಳು ಆಕಾಶದಿಂದ ಬಂದ ಸಂಕೇತವನ್ನು ನೇರವಾಗಿ ಹಿಡಿದವು. ಬೆಳಗ್ಗೆ ಶಾಲಾಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ ಮತ್ತು ಮನರಂಜನೆಯ ಕಾರ್ಯಕ್ರಮಗಳು. ಇದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರವು ಆರಂಭವಾಯಿತು. ಬೆಂಗಳೂರಿಗೆ ಅದು ದೊರೆತದ್ದು 1981ರಲ್ಲಿ.

ಆ ಪೆಟ್ಟಿಗೆಯ ಪರದೆಯು ಒಂದು ಮೊಳ ಅಗಲವಿದ್ದೀತು, ಅಷ್ಟೆ. ಆದರೂ ಬಯಲಿನ ನಾಲ್ಕು ಪ್ರಶ್ನೆಗಳು ಅದಕ್ಕೂ ತಪ್ಪಲಿಲ್ಲ. ಸಣ್ಣ ಪರದೆಯಾದುದರಿಂದ ಮಕ್ಕಳು ಮುಂದೆ, ದೊಡ್ಡವರು ಹಿಂದೆ ಕೂರಬೇಕು; ಪೆಟ್ಟಿಗೆಯನ್ನು ಎತ್ತರದಲ್ಲಿ ಇಡಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು, ಅದನ್ನು ಎಲ್ಲಿ ಇಡಬೇಕೆಂಬುದು. ಒಬ್ಬ ಗೌಡನ ಪಡಸಾಲೆಯಲ್ಲಿಟ್ಟರೆ ಊರಿನ ಅರ್ಧ ಜನ ಹೊಸ್ತಿಲಿನಾಚೆ ಉಳಿಯುತ್ತಾರೆ. ಆದುದರಿಂದ ಅದು ಶಾಲೆ, ಪಂಚಾಯಿತಿ ಮೊದಲಾದ ಸಾರ್ವಜನಿಕ ಸ್ಥಳದಲ್ಲಿರಬೇಕೆಂದು ಯೋಜಿಸಲಾಯಿತು. ಸಾರ್ವಜನಿಕ ಎಂಬ ಮಾತನ್ನು ಫಲಕದ ಮೇಲೆ ಬರೆಯುವುದು ಸುಲಭ. ಎಲ್ಲ ಕೇರಿಗಳ ಜನರೂ, ಹೆಂಗಸರೂ ಗಂಡಸರೂ, ಸಂಕೋಚವಿಲ್ಲದೆ ಬಂದು ಕೂರಬಲ್ಲ ಸ್ಥಳವಾದಾಗಲೇ ಆ ಮಾತು ನಿಜವಾಗುತ್ತದೆ.

ಕತ್ತಲೆ, ನೋಟ, ಧ್ವನಿ ಈ ಮೂರನ್ನೂ ವಿಜ್ಞಾನವು ಬಗೆಹರಿಸಿತು. ಇಂದು ಅಂಗೈಯಲ್ಲಿ ಹಿಡಿಯುವ ಫೋನಿನಲ್ಲಿಯೇ ಚಿತ್ರವನ್ನು ನೋಡಬಹುದು. ಅದಕ್ಕೆ ಕತ್ತಲೆಯೂ ಬೇಡ, ದಿಬ್ಬವೂ ಬೇಡ. ಆದರೆ ಪಕ್ಕದಲ್ಲಿ ಯಾರು ಕುಳಿತಿರಬೇಕೆಂಬ ನಾಲ್ಕನೆಯ ಪ್ರಶ್ನೆಯನ್ನು ಯಾವ ಯಂತ್ರವೂ ಬಗೆಹರಿಸಲಾರದು. ಅದನ್ನು ಊರಿನವರೇ ಬಗೆಹರಿಸಬೇಕು.

ನಿಮ್ಮ ಶಾಲೆಯ ಮೈದಾನದಲ್ಲಿಯೂ ಎಂದಾದರೂ ಚಿತ್ರಪ್ರದರ್ಶನ ನಡೆಯಬಹುದು. ಆಗ ಪರದೆಯನ್ನು ಯಾವ ದಿಕ್ಕಿಗೆ ಕಟ್ಟಬೇಕೆಂದು ಸೂರ್ಯನನ್ನು ನೋಡಿ ಹೇಳಿರಿ. ಧ್ವನಿಯು ಎಷ್ಟು ತಡವಾಗಿ ಬರುತ್ತದೆಂಬುದನ್ನು ಮೊದಲೇ ಅಳೆಯಿರಿ: ಗೆಳೆಯನೊಬ್ಬನು 170 ಮೀಟರು ದೂರದಲ್ಲಿ ನಿಂತು ತಟ್ಟೆಯನ್ನು ಬಾರಿಸಲಿ, ಅವನ ಕೈ ಬಿದ್ದುದನ್ನು ಕಂಡ ಅರ್ಧ ಸೆಕೆಂಡಿನ ಮೇಲೆ ಶಬ್ದವು ನಿಮಗೆ ಕೇಳಿಸುತ್ತದೆ. ಎತ್ತರದವರನ್ನು ಹಿಂದೆ ಕೂರಿಸಿರಿ. ಪ್ರದರ್ಶನ ಆರಂಭವಾಗುವ ಮೊದಲು ಒಮ್ಮೆ ಹಿಂದಿರುಗಿ, ಮೈದಾನದ ಅಂಚಿನಲ್ಲಿ ಯಾರಾದರೂ ನಿಂತೇ ಇದ್ದಾರೆಯೇ ಎಂದು ನೋಡಿರಿ. ಇದ್ದರೆ ಅವರಿಗೂ ಜಾಗ ಮಾಡಿಕೊಡಿರಿ.